ಮಾರ್ಕ್ಸು ಕೇಳದ ಹಿರಿಯರೊಬ್ಬರು ಬೇಕು

ಹದಿಹರೆಯದ ಮಕ್ಕಳಿಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಬರ ಇರುವುದು ಜೊತೆಗೆ ನಿಲ್ಲುವವರಿಗೆ. ಹಾಗೆ ನಿಲ್ಲುವುದೆಂದರೆ ಏನು, ಅದರಿಂದ ಮಕ್ಕಳಿಗೆ ಬಲ ಬರುವುದು ಹೇಗೆ, ಒಳ್ಳೆಯ ಮನಸ್ಸಿನಿಂದ ಹೊರಟವರೂ ಎಲ್ಲಿ ಎಡವುತ್ತಾರೆ?

1935ರಲ್ಲಿ ಗೌರಿಬಿದನೂರು ಸಮೀಪದ ಹೊಸೂರಿನಿಂದ ಹುಡುಗನೊಬ್ಬ ಬೆಂಗಳೂರಿಗೆ ನಡೆದುಕೊಂಡೇ ಬಂದ. ದೂರ ಎಂಬತ್ತು ಕಿಲೋಮೀಟರಿನ ಆಸುಪಾಸು. ಹಿಡಿದದ್ದು ಎರಡು ದಿನ. ಬಸ್ಸಿಗೆ ಕೊಡಲು ಮನೆಯಲ್ಲಿ ದುಡ್ಡಿರಲಿಲ್ಲ. ಊರಿನಲ್ಲಿ ಹೈಸ್ಕೂಲೂ ಇರಲಿಲ್ಲ. ಹಾಗಾಗಿ ಓದು ಅಲ್ಲಿಗೇ ನಿಂತುಹೋಗುವುದರಲ್ಲಿತ್ತು. ಆದರೆ ಅವನಿಗೆ ಪಾಠ ಹೇಳಿದ್ದ ಎಂ.ಎಸ್. ನಾರಾಯಣರಾವ್ ಎಂಬ ಮೇಷ್ಟ್ರು ಅಷ್ಟರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಊರು ಬಿಟ್ಟು ಬಂದರೂ ಅವರು ಆ ಹುಡುಗನನ್ನು ಮರೆಯಲಿಲ್ಲ. ಇಲ್ಲಿಗೆ ಬಂದು ಸೇರಿಕೋ ಎಂದು ಕರೆದರು. ಹುಡುಗ ಬಂದ, ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದ.

ಅವರೇ ಡಾ. ಎಚ್. ನರಸಿಂಹಯ್ಯ, ಕನ್ನಡಿಗರ ಪ್ರೀತಿಯ ಎಚ್ಚೆನ್. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ದಶಕಗಳ ಕಾಲ ಅದೇ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಹುಡುಗರ ನಡುವೆಯೇ ಬದುಕಿದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಹುಡುಗನ ಛಲದ ಕಥೆಯಾಗಿ ಹೇಳುತ್ತೇವೆ. ಛಲ ಇದ್ದದ್ದು ನಿಜ. ಆದರೆ ಮೇಷ್ಟ್ರ ಪಾಲನ್ನೂ ಸ್ವಲ್ಪ ನೋಡಬೇಕು. ಅವರು ಒಂದು ಮಗುವನ್ನು ಗಮನಿಸಿದರು. ವರ್ಗವಾದ ಮೇಲೂ ನೆನಪಿಟ್ಟುಕೊಂಡರು. ಮುಂದಿನ ಬಾಗಿಲು ಎಲ್ಲಿದೆ ಎಂದು ತೋರಿಸಿದರು. ‘ಚೆನ್ನಾಗಿ ಓದಪ್ಪ’ ಎಂದು ಊರಿನ ಯಾರು ಬೇಕಾದರೂ ಹೇಳಬಹುದಿತ್ತು. ಬಹಳ ಜನ ಹೇಳಿಯೂ ಇರಬಹುದು. ದಾರಿ ತೋರಿಸಿದ್ದು ಮೇಷ್ಟ್ರು, ನಡೆದದ್ದು ಹುಡುಗ. ಎಳೆಯರಲ್ಲಿ ಬಲ ಬೆಳೆಯುವುದಕ್ಕೆ ಈ ಎರಡೂ ಬೇಕು. ದಾರಿ ತೋರಿಸದೆ ‘ನಡಿ’ ಎನ್ನುವವರೂ ನಮ್ಮಲ್ಲಿದ್ದಾರೆ, ಮಗುವನ್ನು ನಡೆಯಲು ಬಿಡದೆ ಹೊತ್ತುಕೊಂಡೇ ಹೋಗುವವರೂ ಇದ್ದಾರೆ. ಇಂದಿನ ಬಹುಪಾಲು ತೊಂದರೆ ಈ ಇಬ್ಬರ ನಡುವೆಯೇ ಇದೆ.

ಕವಾಯ್ ದ್ವೀಪದ ಮಕ್ಕಳು

ಕಷ್ಟದಲ್ಲಿ ಬೆಳೆದ ಮಕ್ಕಳಲ್ಲಿ ಕೆಲವರು ಮುರಿದುಹೋಗುತ್ತಾರೆ, ಕೆಲವರು ಗಟ್ಟಿಯಾಗುತ್ತಾರೆ. ಯಾಕೆ? ಹಣೆಬರಹ ಎಂದು ಬಿಡಬಹುದಾದ ಈ ಪ್ರಶ್ನೆಯ ಬೆನ್ನು ಹತ್ತಿದವರು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಅವರ ಸಹೋದ್ಯೋಗಿ ರೂತ್ ಸ್ಮಿತ್. ಹವಾಯಿಯ ಕವಾಯ್ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಈ ಅಧ್ಯಯನ ಅವರ ನಲವತ್ತರ ವಯಸ್ಸಿನವರೆಗೂ ಹಿಂಬಾಲಿಸಿತು. ಅವರಲ್ಲಿ ಅನೇಕರು ಕಬ್ಬಿನ ತೋಟಗಳಲ್ಲಿ ದುಡಿಯಲು ಬೇರೆ ಬೇರೆ ದೇಶಗಳಿಂದ ಬಂದವರ ಮಕ್ಕಳು, ಮೊಮ್ಮಕ್ಕಳು.

ಈ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಎರಡು ವರ್ಷ ತುಂಬುವ ಮೊದಲೇ ಹಲವು ಕಷ್ಟಗಳನ್ನು ಒಟ್ಟಿಗೆ ಕಂಡಿತ್ತು. ಬಡತನ, ಹೆರಿಗೆಯ ವೇಳೆಯ ತೊಡಕು, ಅಪ್ಪ ಅಮ್ಮನ ಜಗಳ, ಮನೆಯಲ್ಲಿ ಕುಡಿತ ಅಥವಾ ಮಾನಸಿಕ ಕಾಯಿಲೆ. ಇಂಥವರಲ್ಲಿ ಮೂರರಲ್ಲಿ ಇಬ್ಬರು ಹದಿನೆಂಟರ ಹೊತ್ತಿಗೆ ಒಂದಲ್ಲ ಒಂದು ಗಂಭೀರ ತೊಂದರೆಗೆ ಸಿಕ್ಕಿಕೊಂಡಿದ್ದರು. ಆದರೆ ಉಳಿದ ಒಬ್ಬರು ಚೆನ್ನಾಗಿಯೇ ಬೆಳೆದಿದ್ದರು. ಓದು, ಸ್ನೇಹ, ಕೆಲಸ ಎಲ್ಲದರಲ್ಲೂ ತಕ್ಕಮಟ್ಟಿಗೆ ನೆಲೆ ಕಂಡಿದ್ದರು.

ಈ ಮೂರನೆಯವರಲ್ಲಿ ಏನಿತ್ತು? ಹುಟ್ಟಿನಿಂದ ಬಂದ ಸ್ವಭಾವದ ಪಾಲೂ ಇತ್ತು. ಆದರೆ ಮತ್ತೆ ಮತ್ತೆ ಕಂಡದ್ದು ಬೇರೊಂದು ಸಂಗತಿ: ಅವರ ಬದುಕಿನಲ್ಲಿ ತಮ್ಮನ್ನು ಒಪ್ಪಿಕೊಂಡ, ಬಿಟ್ಟುಹೋಗದ ಹಿರಿಯರು ಒಬ್ಬರಾದರೂ ಇದ್ದರು. ಹೆತ್ತವರೇ ಆಗಬೇಕೆಂದೇನೂ ಇರಲಿಲ್ಲ. ಅಜ್ಜಿ, ಅತ್ತೆ, ಅಕ್ಕ, ನೆರೆಮನೆಯವರು, ಶಾಲೆಯ ಟೀಚರ್ ಹೀಗೆ ಯಾರಾದರೂ. ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಈ ಮಕ್ಕಳಿಗೆ ಮನೆಯಲ್ಲೋ ಊರಿನಲ್ಲೋ ಯಾರಿಗಾದರೂ ನಿಜವಾಗಿ ಬೇಕಾದ ಒಂದು ಕೆಲಸವೂ ಇತ್ತು. ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಮನೆಗೆಲಸದ ಒಂದು ಪಾಲು ಹೊರುವುದು. ತಾನಿಲ್ಲದಿದ್ದರೆ ಇದು ನಡೆಯುವುದಿಲ್ಲ ಎಂಬ ಅರಿವು ಮಗುವಿಗೆ ಬೆನ್ನೆಲುಬು ಕೊಟ್ಟಿತು.

ಈ ಅಧ್ಯಯನ ಇನ್ನೊಂದು ಸಮಾಧಾನವನ್ನೂ ಹೇಳಿತು. ಹದಿನೆಂಟರಲ್ಲಿ ದಾರಿ ತಪ್ಪಿದ್ದವರಲ್ಲಿ ಅನೇಕರು ಮೂವತ್ತು ದಾಟುವ ಹೊತ್ತಿಗೆ ಮರಳಿ ಹಳಿಗೆ ಬಂದಿದ್ದರು. ಮತ್ತೆ ಓದಲು ಸಿಕ್ಕ ಅವಕಾಶ, ಒಂದು ಸ್ಥಿರ ಉದ್ಯೋಗ, ಒಳ್ಳೆಯ ಬಾಳಸಂಗಾತಿ, ಒಂದು ಸಮುದಾಯ ಅವರ ಕೈ ಹಿಡಿದಿತ್ತು. ಹತ್ತನೇ ಕ್ಲಾಸಿನಲ್ಲಿ ಫೇಲಾದವನ ಬದುಕು ಅಲ್ಲಿಗೆ ಮುಗಿಯಿತು ಎಂದು ಷರಾ ಬರೆದುಬಿಡುವ ನಮಗೆ ಇದು ನೆನಪಿರಬೇಕು.

ಒಳ್ಳೆಯ ಮನಸ್ಸು ಸಾಲದು

ಹಾಗಾದರೆ ಕಷ್ಟದಲ್ಲಿರುವ ಪ್ರತಿ ಮಗುವಿಗೂ ಒಬ್ಬ ಹಿರಿಯರನ್ನು ಗೊತ್ತುಮಾಡಿಬಿಟ್ಟರೆ ಆಯಿತಲ್ಲ? ಅಮೆರಿಕದಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಮತ್ತು ಸೋಮರ್‌ವಿಲ್ ಊರುಗಳಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ರೂಪಿಸಿದ ಯೋಜನೆಯೊಂದು 1939ರಲ್ಲಿ ಶುರುವಾಯಿತು. ಸಲಹೆಗಾರರು ಹುಡುಗರ ಮನೆಗೆ ತಿಂಗಳಿಗೆ ಒಂದೆರಡು ಸಲ ಹೋಗುತ್ತಿದ್ದರು. ಪಾಠಕ್ಕೆ ನೆರವು, ವೈದ್ಯಕೀಯ ಸಹಾಯ, ಬೇಸಿಗೆ ಶಿಬಿರ ಎಲ್ಲವೂ ಇತ್ತು. ಸರಾಸರಿ ಐದು ವರ್ಷ ಇದು ನಡೆಯಿತು. ಹೋಲಿಸಿ ನೋಡಲು ಇಂಥದೇ ಹಿನ್ನೆಲೆಯ ಇನ್ನೊಂದು ಗುಂಪಿನ ಹುಡುಗರನ್ನು ಅವರ ಪಾಡಿಗೆ ಬಿಟ್ಟಿದ್ದರು.

ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿ ಹೊರಟರು. ಆಗ ಅವರೆಲ್ಲ ನಡುವಯಸ್ಸಿನ ಗಂಡಸರು. ನೆರವು ಪಡೆದ ಅನೇಕರು ಆ ದಿನಗಳನ್ನು ಪ್ರೀತಿಯಿಂದಲೇ ನೆನೆದರು. ಆದರೆ 1978ರಲ್ಲಿ ಮೆಕಾರ್ಡ್ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ನೆರವು ಪಡೆದವರು ಇತರರಿಗಿಂತ ಚೆನ್ನಾಗೇನೂ ಇರಲಿಲ್ಲ. ಕುಡಿತ, ಕಾಯಿಲೆ, ಮರಳಿ ಅಪರಾಧ ಮಾಡುವಂಥ ಕೆಲವು ವಿಚಾರಗಳಲ್ಲಿ ಇನ್ನೂ ಕೆಟ್ಟ ಸ್ಥಿತಿಯಲ್ಲಿದ್ದರು. ಕಾರಣಗಳ ಬಗ್ಗೆ ವಾದ ನಡೆಯಿತು. ದಾರಿ ತಪ್ಪುತ್ತಿರುವ ಹುಡುಗರನ್ನೆಲ್ಲ ಒಂದೇ ಶಿಬಿರದಲ್ಲಿ ಕೂಡಿಹಾಕಿದ್ದು ತಿರುಗುಬಾಣವಾಯಿತು ಎಂಬುದು ಆಮೇಲಿನ ವಿಶ್ಲೇಷಣೆಯಲ್ಲಿ ಗಟ್ಟಿಯಾಗಿ ಕಂಡ ಒಂದು ಕಾರಣ. ಹೊರಗಿನವರ ಮೇಲೆ ಅವಲಂಬನೆ ಬೆಳೆದು, ಅವರು ಹೊರಟುಹೋದಾಗ ಹುಡುಗರು ಕಂಗೆಟ್ಟಿರಬಹುದು ಎಂಬುದು ಮೆಕಾರ್ಡ್ ಅವರ ಊಹೆಗಳಲ್ಲಿ ಒಂದು.

ಇದಕ್ಕೆ ಎದುರಾಗಿ ಇನ್ನೊಂದು ಅನುಭವ ಇದೆ. ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಸಂಸ್ಥೆ ಅಮೆರಿಕದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಒಬ್ಬ ಹಿರಿಯರಿಗೆ ಒಂದು ಮಗುವನ್ನು ಜೊತೆ ಮಾಡುತ್ತಾ ಬಂದಿದೆ. 1995ರಲ್ಲಿ ಪ್ರಕಟವಾದ ಅಧ್ಯಯನ ಹತ್ತರಿಂದ ಹದಿನಾರು ವಯಸ್ಸಿನ 959 ಮಕ್ಕಳನ್ನು ಒಂದೂವರೆ ವರ್ಷ ಗಮನಿಸಿತು. ಜೊತೆಗಾರರು ಸಿಕ್ಕ ಮಕ್ಕಳು ಹೊಸದಾಗಿ ಮಾದಕ ವಸ್ತುವಿನ ಸಹವಾಸಕ್ಕೆ ಬೀಳುವ ಪ್ರಮಾಣ ಇತರರಿಗಿಂತ ಶೇ. 46ರಷ್ಟು ಕಡಿಮೆಯಿತ್ತು. ಶಾಲೆಗೆ ಚಕ್ಕರ್ ಹೊಡೆಯುವುದೂ ಕಡಿಮೆಯಾಗಿತ್ತು.

ಗುಟ್ಟು ಇರುವುದು ಒಳಗಿನ ವಿವರದಲ್ಲಿ. ಅದೇ ಮಾಹಿತಿಯನ್ನು 2002ರಲ್ಲಿ ಮತ್ತೆ ಜಾಲಾಡಿದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್, ಲಾಭವೆಲ್ಲ ಹೆಚ್ಚಾಗಿ ಒಂದು ವರ್ಷ ಅಥವಾ ಅದಕ್ಕೂ ಮೇಲೆ ಉಳಿದ ಜೋಡಿಗಳದ್ದು ಎಂದು ಕಂಡರು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಸಿದಿತ್ತು. ಹಿರಿಯರ ಉದ್ದೇಶದ ಪರಿಣಾಮವೂ ಇಂಥ ಜೋಡಿಗಳಲ್ಲಿ ಕಂಡುಬಂದಿದೆ. ‘ಈ ಹುಡುಗನನ್ನು ಸರಿಮಾಡುತ್ತೇನೆ’ ಎಂದು ಮೊದಲ ದಿನದಿಂದಲೇ ಗುರಿ ಇಟ್ಟುಕೊಂಡು ಹೊರಟವರ ಸ್ನೇಹ ಬಹುಪಾಲು ಬೇಗ ಮುರಿಯಿತು. ಮೊದಲು ಒಡನಾಟ ಬೆಳೆಯಲಿ, ಉಳಿದದ್ದು ಆಮೇಲೆ ಎಂದುಕೊಂಡವರದ್ದು ಉಳಿಯಿತು. ಓದಿನ ವಿಚಾರ, ಮನೆಯ ವಿಚಾರ ಎಲ್ಲ ಆಮೇಲೆ ಮಗುವಿನ ಬಾಯಲ್ಲೇ ತಾನಾಗಿ ಬಂತು.

ಐದು ಎಳೆಗಳು

ಮಿನಿಯಾಪೊಲಿಸ್‌ನ ಸರ್ಚ್ ಇನ್‌ಸ್ಟಿಟ್ಯೂಟ್ ದಶಕಗಳಿಂದ ಎಳೆಯರ ಬಲಗಳ ಅಧ್ಯಯನದಲ್ಲಿ ತೊಡಗಿದೆ. ಮಕ್ಕಳಲ್ಲಿ ಏನು ಕೆಟ್ಟಿದೆ ಎಂದು ಪಟ್ಟಿ ಮಾಡುವ ಬದಲು ಏನಿದ್ದರೆ ಅವರು ಚೆನ್ನಾಗಿ ಬೆಳೆಯುತ್ತಾರೆ ಎಂದು ಕೇಳುವುದು ಅದರ ಕ್ರಮ. ಬೆಳೆಸುವ ಸಂಬಂಧದಲ್ಲಿ ಅದು ಐದು ಎಳೆಗಳನ್ನು ಗುರುತಿಸುತ್ತದೆ. ನೀನು ನನಗೆ ಮುಖ್ಯ ಎಂದು ತೋರಿಸುವುದು. ಇನ್ನೂ ಚೆನ್ನಾಗಿ ಮಾಡಬಲ್ಲೆ ಎಂದು ಒತ್ತಾಯಿಸುವುದು. ಕೆಲಸ ಮುಗಿಯುವವರೆಗೆ ಆಸರೆಯಾಗುವುದು. ತೀರ್ಮಾನದಲ್ಲಿ ಪಾಲು ಕೊಡುವುದು. ಹೊಸ ಜನ, ಹೊಸ ಜಾಗ, ಹೊಸ ಸಾಧ್ಯತೆಗಳನ್ನು ಪರಿಚಯಿಸುವುದು.

ನಮ್ಮ ಮನೆಗಳನ್ನು ಈ ಐದರ ಬೆಳಕಿನಲ್ಲಿ ನೋಡಿದರೆ ತಮಾಷೆಯ ಚಿತ್ರ ಕಾಣುತ್ತದೆ. ಆಸರೆಗೆ ಕೊರತೆಯಿಲ್ಲ. ಸಾಲ ಮಾಡಿ ಫೀಸು ಕಟ್ಟುತ್ತೇವೆ, ಟ್ಯೂಷನ್ ಮುಗಿಯುವವರೆಗೆ ಗೇಟಿನ ಹೊರಗೆ ಸ್ಕೂಟರ್ ಮೇಲೆ ಕಾಯುತ್ತೇವೆ. ಒತ್ತಾಯಕ್ಕಂತೂ ಕೊರತೆಯೇ ಇಲ್ಲ. ಪ್ರೀತಿ ಇದೆ, ಆದರೆ ಬಹಳ ಸಲ ಅದು ಊಟದ ತಟ್ಟೆಯ ಮೂಲಕವೇ ಮಾತಾಡುತ್ತದೆ. ನಾವು ತೀರಾ ಜಿಪುಣರಾಗುವುದು ನಾಲ್ಕನೆಯದರಲ್ಲಿ. ಸೈನ್ಸೋ ಕಾಮರ್ಸೋ, ಯಾವ ಕಾಲೇಜು, ಯಾವ ಬಟ್ಟೆ, ಯಾರ ಮದುವೆಗೆ ಹೋಗಬೇಕು, ಎಲ್ಲವೂ ಮೇಲೆಯೇ ನಿರ್ಧಾರವಾಗಿ ಕೆಳಗೆ ಇಳಿದುಬರುತ್ತದೆ. ‘ಅವಳಿಗೇನು ಗೊತ್ತಾಗುತ್ತೆ, ಚಿಕ್ಕವಳು’ ಎನ್ನುತ್ತೇವೆ. ಇಪ್ಪತ್ತೊಂದರಲ್ಲಿ ಅದೇ ಹುಡುಗಿ ಬೇರೆ ಊರಿನ ಪಿ.ಜಿ.ಯಲ್ಲಿ ಒಬ್ಬಳೇ ಇದ್ದು ಎಲ್ಲ ತೀರ್ಮಾನವನ್ನೂ ತಾನೇ ಮಾಡಬೇಕಾದಾಗ ‘ಇವಳಿಗೆ ಧೈರ್ಯವೇ ಇಲ್ಲ’ ಎಂದು ಬೇಸರಪಡುವವರೂ ನಾವೇ.

ಕೋಡಂಗಿಯಿಂದ ಕಿರೀಟದವರೆಗೆ

ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಹೊಣೆ ಒಪ್ಪಿಸುವುದು ಹೇಗೆಂದು ತಿಳಿಯಲು ಹೊರದೇಶದ ಪುಸ್ತಕ ತೆರೆಯಬೇಕಿಲ್ಲ. ಕರಾವಳಿಯಲ್ಲಿ ಇಡೀ ರಾತ್ರಿಯ ಯಕ್ಷಗಾನ ಬಯಲಾಟಕ್ಕೆ ಸ್ವಲ್ಪ ಬೇಗ ಹೋಗಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕೂತರೆ ಸಾಕು. ದೊಡ್ಡ ವೇಷಧಾರಿಗಳು ಇನ್ನೂ ಮಲಗಿರುತ್ತಾರೆ ಅಥವಾ ಎಲೆಯಡಿಕೆ ಹಾಕುತ್ತಾ ಕೂತಿರುತ್ತಾರೆ. ಆಗಲೇ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿರುವವರು ಮೇಳದ ಅತಿ ಕಿರಿಯರು. ಯಾರೋ ಹಿರಿಯರು ಪಕ್ಕದಿಂದಲೇ ‘ಹುಬ್ಬು ಡೊಂಕಾಯ್ತು ಮಾರಾಯ, ಒರೆಸಿ ಮತ್ತೆ ಬರಿ’ ಎನ್ನುತ್ತಾರೆ. ತಾವೇ ಕಡ್ಡಿ ಕಿತ್ತುಕೊಂಡು ಬರೆದುಬಿಡುವುದಿಲ್ಲ.

ಪೂರ್ವರಂಗ ಈ ಕಿರಿಯರದ್ದು. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಅದಾದ ಮೇಲೆ ಪೀಠಿಕೆಯ ಸ್ತ್ರೀವೇಷ. ಮಾತು ಇಲ್ಲ, ಅಥವಾ ಇದ್ದರೂ ಕಡಿಮೆ. ಹೆಜ್ಜೆ, ತಾಳದ ಲೆಕ್ಕ, ರಂಗದ ಅಳತೆ ಇವನ್ನು ಕಾಲಿಗೆ ಹತ್ತಿಸಿಕೊಳ್ಳುವುದೇ ಮುಖ್ಯ. ಆ ಹೊತ್ತಿಗೆ ಜನ ಇನ್ನೂ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ, ಕಡಲೆ ಕೊಳ್ಳುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ಆಟ ಕೆಡುವುದಿಲ್ಲ. ಆದರೂ ರಂಗಸ್ಥಳ ನಿಜವಾದದ್ದೇ, ಚೆಂಡೆ ನಿಜವಾದದ್ದೇ, ಎದುರಿಗಿರುವ ಜನರೂ ನಿಜವಾದವರೇ. ಹುಡುಗ ಹೆಜ್ಜೆಯಲ್ಲಿ ತಡವರಿಸಿದನೆಂದರೆ ಭಾಗವತರು ಅದೇ ಸಾಲನ್ನು ಇನ್ನೊಮ್ಮೆ ಎತ್ತುತ್ತಾರೆ, ಮದ್ದಳೆಯವರು ಪೆಟ್ಟನ್ನು ಸ್ವಲ್ಪ ಬಿಡಿಸಿ ನುಡಿಸುತ್ತಾರೆ. ಅವನು ಸಾವರಿಸಿಕೊಳ್ಳುತ್ತಾನೆ. ಕೆಲವು ವರ್ಷಗಳ ನಂತರ ಅವನಿಗೆ ಅರ್ಥ ಹೇಳುವ ಸಣ್ಣ ಪಾತ್ರ ಸಿಗುತ್ತದೆ. ಆಗ ಎದುರಿನ ಅನುಭವಿ ಕಲಾವಿದರು ಅವನು ಉತ್ತರಿಸಬಲ್ಲ ಪ್ರಶ್ನೆಯನ್ನೇ ಹಾಕಿ ಮಾತು ಮುಂದುವರಿಯುವಂತೆ ನೋಡಿಕೊಳ್ಳುತ್ತಾರೆ.

ಹಳೆಯ ಮೇಳಗಳಲ್ಲಿ ಎಲ್ಲವೂ ಸಿಹಿಯಾಗಿರಲಿಲ್ಲ. ಬೈಗುಳವಿತ್ತು, ಪೆಟ್ಟೂ ಇತ್ತು, ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಈಗ ಕರಾವಳಿಯ ಶಾಲೆಗಳಲ್ಲಿ ಹುಡುಗಿಯರೂ ಗೆಜ್ಜೆ ಕಟ್ಟುತ್ತಿದ್ದಾರೆ. ಆದರೆ ಆ ಕ್ರಮದ ಒಳಗಿರುವ ತಿಳಿವಳಿಕೆ ಗಟ್ಟಿಯಾದದ್ದು. ತಪ್ಪಿಗೆ ತೆರಬೇಕಾದ ಬೆಲೆ ಕಡಿಮೆ ಇರುವಲ್ಲಿ ನಿಜವಾದ ಕೆಲಸ ಕೊಡಬೇಕು, ಕೊಟ್ಟ ಮೇಲೆ ಬೆನ್ನ ಹಿಂದೆ ಇರಬೇಕು. ಮನೆಯಲ್ಲೂ ಅಷ್ಟೇ. ಹಬ್ಬದ ಸಾಮಾನಿನ ಪಟ್ಟಿ ಮತ್ತು ದುಡ್ಡನ್ನು ಹದಿನಾಲ್ಕರ ಹುಡುಗನ ಕೈಗೆ ಕೊಟ್ಟು ಕಳಿಸಿ. ಬೆಲ್ಲ ಹೆಚ್ಚು ತಂದಾನು, ಕೊಬ್ಬರಿ ಮರೆತಾನು. ಹಬ್ಬ ನಿಲ್ಲುವುದಿಲ್ಲ. ಮುಂದಿನ ಹಬ್ಬಕ್ಕೆ ಪಟ್ಟಿಯನ್ನೂ ಅವನೇ ಬರೆಯುತ್ತಾನೆ.

ಕಸಿನ್ಸ್ ಹೇಳಿದ ಮಾತು, ವೆಂಕಣ್ಣಯ್ಯನವರ ಒಡನಾಟ

ಹೊಗಳಿಕೆಯಿಂದ ಬಲ ಬರುತ್ತದೋ ಟೀಕೆಯಿಂದಲೋ ಎಂಬ ಚರ್ಚೆ ಹಳೆಯದು. ಕುವೆಂಪು ಅವರ ಬದುಕಿನ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತರುಣ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರು. ಮೆಚ್ಚುಗೆ ನಿರೀಕ್ಷಿಸಿದ್ದರು. ಕಸಿನ್ಸ್ ಅವರು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿ, ಕನ್ನಡದಲ್ಲೇ ಬರೆಯುವಂತೆ ಹೇಳಿದರು. ಆ ಗಳಿಗೆಯಲ್ಲಿ ತರುಣ ಕವಿಗೆ ಅದು ಹಿತವಾಗಲಿಲ್ಲ. ಆದರೆ ಅಲ್ಲಿಂದ ದಿಕ್ಕು ತಿರುಗಿತು.

ಒಂದು ಭೇಟಿ ದಿಕ್ಕು ತೋರಿಸಬಲ್ಲದು. ಆ ದಿಕ್ಕಿನಲ್ಲಿ ನಡೆಯುತ್ತಲೇ ಇರಲು ಬೇರೆಯವರು ಬೇಕಾಗುತ್ತಾರೆ. ಕುವೆಂಪು ಅವರಿಗೆ ಅಂಥವರು ಸಿಕ್ಕರು. ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆಶ್ರಮದಲ್ಲಿ ಆಸರೆ ಕೊಟ್ಟರು. ಟಿ.ಎಸ್. ವೆಂಕಣ್ಣಯ್ಯನವರು ಗುರುವಾಗಿ, ಹಿರಿಯ ಗೆಳೆಯನಂತೆ ಜೊತೆಗಿದ್ದರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಮುಂದೆ ಬಂದ ‘ಶ್ರೀ ರಾಮಾಯಣ ದರ್ಶನಂ’ ಅವರಿಗೇ ಅರ್ಪಿತವಾಯಿತು.

ಕಟುವಾದ ಮಾತು ಯಾವಾಗ ಚುಚ್ಚುತ್ತದೆ, ಯಾವಾಗ ಎತ್ತುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತಿತರರು ಶಾಲೆಯಲ್ಲೇ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಏಳನೇ ತರಗತಿಯ ಮಕ್ಕಳ ಪ್ರಬಂಧಗಳನ್ನು ಟೀಚರುಗಳು ಎಂದಿನಂತೆ ತಿದ್ದಿದರು. ಅದಕ್ಕೆ ಒಂದು ಪುಟ್ಟ ಚೀಟಿ ಅಂಟಿಸಲಾಯಿತು. ಅರ್ಧ ಮಕ್ಕಳ ಚೀಟಿಯಲ್ಲಿ ಇದು ನಿನ್ನ ಪ್ರಬಂಧದ ಮೇಲಿನ ಅಭಿಪ್ರಾಯ ಎಂದಷ್ಟೇ ಇತ್ತು. ಉಳಿದರ್ಧ ಮಕ್ಕಳ ಚೀಟಿಯಲ್ಲಿ, ನಿನ್ನಿಂದ ನಾನು ಬಹಳ ನಿರೀಕ್ಷಿಸುತ್ತೇನೆ, ನೀನು ಅಲ್ಲಿಗೆ ಮುಟ್ಟಬಲ್ಲೆ ಎಂದು ಗೊತ್ತು, ಅದಕ್ಕೇ ಇದನ್ನೆಲ್ಲ ಬರೆದಿದ್ದೇನೆ ಎಂಬ ಅರ್ಥದ ಮಾತಿತ್ತು. ತಿದ್ದಿ ಮತ್ತೆ ಬರೆಯುವುದು ಮಕ್ಕಳ ಇಷ್ಟಕ್ಕೆ ಬಿಟ್ಟ ವಿಚಾರ. ಶಾಲೆಯ ಮೇಲೆ ನಂಬಿಕೆ ಕಳೆದುಕೊಳ್ಳಲು ಹೆಚ್ಚು ಕಾರಣವಿದ್ದ ಕಪ್ಪು ಮಕ್ಕಳಲ್ಲಿ, ಮೊದಲ ಬಗೆಯ ಚೀಟಿ ಸಿಕ್ಕವರಲ್ಲಿ ಮತ್ತೆ ಬರೆದವರು ಶೇ. 17 ಮಾತ್ರ. ಎರಡನೆಯ ಬಗೆಯ ಚೀಟಿ ಸಿಕ್ಕವರಲ್ಲಿ ಆ ಪ್ರಮಾಣ ಶೇ. 70 ದಾಟಿತು.

ಸರ್ಕಾರಿ ಶಾಲೆಯಿಂದ ಇಂಗ್ಲಿಷ್ ಮೀಡಿಯಂ ಕಾಲೇಜಿಗೆ ಬಂದ ನಮ್ಮ ಹಳ್ಳಿಯ ಹುಡುಗಿಗೂ ಇದು ಅನ್ವಯಿಸುತ್ತದೆ. ಕೆಂಪು ಶಾಯಿಯ ಗೆರೆ ಕಂಡಾಗ ‘ನನ್ನ ಉತ್ತರ ತಪ್ಪು’ ಎಂದುಕೊಳ್ಳುವ ಬದಲು ‘ನಾನು ಇಲ್ಲಿಗೆ ಸೇರಿದವಳೇ ಅಲ್ಲ’ ಎಂದು ಅವಳು ಓದಿಕೊಳ್ಳುತ್ತಾಳೆ. ಲೆಕ್ಚರರು ‘ಏನಮ್ಮಾ, ಎರಡನೇ ಪ್ಯಾರಾ ತುಂಬ ಚೆನ್ನಾಗಿದೆ, ಮೊದಲನೆಯದೂ ಅಷ್ಟೇ ಚೆನ್ನಾಗಿ ಬರಬೇಕು, ನಾಳೆ ಬರೆದುಕೊಂಡು ಬಾ’ ಎಂದರೆ ಗೆರೆ ಅದೇ ಇರುತ್ತದೆ, ಓದುವ ಕಣ್ಣು ಬದಲಾಗುತ್ತದೆ.

ವಾರಾನ್ನದ ಮನೆಗಳು ಈಗ ಎಲ್ಲಿ?

ಹಿಂದಿನ ತಲೆಮಾರಿನ ಅನೇಕ ಆತ್ಮಕಥೆಗಳಲ್ಲಿ ವಾರಾನ್ನದ ಪ್ರಸ್ತಾಪ ಬರುತ್ತದೆ. ಪೇಟೆಗೆ ಓದಲು ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಪೂರ್ತಿ ಊಟಕ್ಕೆ ಹೋಗುತ್ತಿದ್ದ. ಅನ್ನದ ಜೊತೆಗೆ ಅವನಿಗೆ ಏಳು ಮನೆಯ ಪರಿಚಯ ಆಗುತ್ತಿತ್ತು. ಒಂದು ಮನೆಯಲ್ಲಿ ವಕೀಲರು, ಇನ್ನೊಂದರಲ್ಲಿ ಗುಮಾಸ್ತರು, ಮತ್ತೊಂದರಲ್ಲಿ ‘ಯಾಕಪ್ಪಾ ಮುಖ ಬಾಡಿದೆ’ ಎಂದು ಕೇಳುವ ಅಜ್ಜಿ. ಆದರೆ ಆ ಬಾಗಿಲುಗಳು ಹೆಚ್ಚಾಗಿ ಜಾತಿ ನೋಡಿ ತೆರೆಯುತ್ತಿದ್ದವು. ಕೆಲವು ಮನೆಗಳಲ್ಲಿ ಅನ್ನದ ಜೊತೆ ಅವಮಾನವನ್ನೂ ಬಡಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ವಾರಾನ್ನ ಇರಲೇ ಇಲ್ಲ. ಹೊರಗುಳಿದವರಿಗಾಗಿ ಬೇರೆಯವರು ಬಾಗಿಲು ಕಟ್ಟಬೇಕಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದಲಿತ ಮಕ್ಕಳಿಗಾಗಿ ದುಡಿಯಲು ನಿಂತರು. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟವು.

ಇಂದು ಅನ್ನದ ಪ್ರಶ್ನೆ ಮೊದಲಿನಷ್ಟಿಲ್ಲ. ಮಧ್ಯಾಹ್ನದ ಬಿಸಿಯೂಟ ಇದೆ, ಬಿಸಿಎಂ ಹಾಸ್ಟೆಲುಗಳಿವೆ. ಕಡಿಮೆಯಾಗಿರುವುದು ಆ ಏಳು ಮನೆಯ ಹಿರಿಯರು. ಪಿಯುಸಿ ಓದುವ ಹುಡುಗನ ದಿನ ನೋಡಿ: ಮುಂಜಾನೆ ಕೋಚಿಂಗ್, ಹಗಲು ಕಾಲೇಜು, ಸಂಜೆ ಸ್ಟಡಿ ಅವರ್, ರಾತ್ರಿ ಟೆಸ್ಟು. ಈ ಸುತ್ತಿನಲ್ಲಿ ಅವನಿಗೆ ಎದುರಾಗುವ ದೊಡ್ಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಭಾನುವಾರ ಊರಿಂದ ಫೋನ್ ಮಾಡುವ ಚಿಕ್ಕಪ್ಪನೂ ‘ಎಷ್ಟು ಬಂತೋ?’ ಎಂದೇ ಶುರುಮಾಡುತ್ತಾನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ತಾವೇ ಕಳೆದುಕೊಂಡರು. ಪ್ರತಿ ಸಾವಿನ ಹಿಂದೆಯೂ ಹಲವು ಕಾರಣಗಳಿರುತ್ತವೆ. ಒಂದೇ ಕಾರಣಕ್ಕೆ ಗಂಟು ಹಾಕುವುದು ತಪ್ಪು. ಆದರೆ ಮನಸ್ಸು ಕುಸಿದಾಗ ಹೇಳಿಕೊಳ್ಳಲು ಮಾರ್ಕ್ಸಿನ ಲೆಕ್ಕ ಇಲ್ಲದ ಒಬ್ಬರು ಇರಬೇಕೆಂಬುದರಲ್ಲಿ ಅನುಮಾನವಿಲ್ಲ.

ಅಂಥವರು ಎಲ್ಲೋ ಇರುವವರಲ್ಲ. ಹಾಸ್ಟೆಲಿನಲ್ಲಿ ಯಾರು ಊಟ ಬಿಟ್ಟರು ಎಂದು ಮೊದಲು ಗೊತ್ತಾಗುವುದು ಅಡುಗೆಯ ಅಕ್ಕನಿಗೆ. ಸಂಜೆ ಕಬಡ್ಡಿ ಆಡಿಸುವ ಪಿ.ಟಿ. ಮೇಷ್ಟ್ರಿಗೆ ಯಾವ ಹುಡುಗನ ಕೈಮೇಲೆ ಬಾಸುಂಡೆ ಇದೆ ಎಂದು ಕಾಣುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಮಕ್ಕಳನ್ನು ಅಲ್ಲಿಗೆ ಎಳೆದು ತಂದಿತು. ಪುಸ್ತಕ ಕೊಡುವ ಗ್ರಂಥಪಾಲಕಿ ‘ಹೋದ ವಾರ ಒಯ್ದದ್ದು ಹೇಗಿತ್ತು?’ ಎಂದು ಕೇಳಿದರೆ ಅಲ್ಲಿಂದಲೇ ಒಂದು ಸಂಬಂಧ ಶುರುವಾಗುತ್ತದೆ.

ಮೈಕು ಕೊಟ್ಟ ಮೇಲೆ

ತೀರ್ಮಾನದಲ್ಲಿ ಪಾಲು ಕೊಡುವ ಪ್ರಯೋಗಗಳೂ ಕರ್ನಾಟಕದಲ್ಲಿ ನಡೆದಿವೆ. 1990ರ ದಶಕದಲ್ಲಿ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮತ್ತು ದುಡಿಯುವ ಮಕ್ಕಳದ್ದೇ ಆದ ಭೀಮ ಸಂಘ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದವು. ಆಮೇಲೆ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಪಂಚಾಯಿತಿಗಳಿಗೂ ಬಂತು.

ಇಂಥ ಸಭೆಯಲ್ಲಿ ಒಮ್ಮೆ ಹಿಂದೆ ಕೂತು ನೋಡಬೇಕು. ಶಾಮಿಯಾನದ ಕೆಳಗೆ ಮೊದಲ ಅರ್ಧ ಗಂಟೆ ಹಾರ, ಭಾಷಣ, ಸ್ವಾಗತ. ಆಮೇಲೆ ಯೂನಿಫಾರಂ ಹಾಕಿದ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು, ಅಂಗೈಯಲ್ಲಿ ಮಡಚಿಟ್ಟುಕೊಂಡ ಚೀಟಿ ಬಿಡಿಸಿ, ‘ಸರ್, ನಮ್ಮ ಶಾಲೆ ಟಾಯ್ಲೆಟ್ಟಿಗೆ ಚಿಲಕ ಇಲ್ಲ’ ಎನ್ನುತ್ತಾಳೆ. ಪಿಡಿಒ ‘ಆಯ್ತಮ್ಮಾ, ಬರ್ಕೊಂಡಿದೀವಿ’ ಎನ್ನುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬಹಳ ಕಡೆ ಕಥೆ ಇಲ್ಲಿಗೇ ಮುಗಿಯುತ್ತದೆ, ಆಗ ಮಗು ಕಲಿಯುವುದು ತಪ್ಪು ಪಾಠ: ಮಾತಾಡಿ ಉಪಯೋಗವಿಲ್ಲ. ಚಿಲಕ ಬಂದ ಊರಿನಲ್ಲಿ ಅದೇ ಹುಡುಗಿ ಮರುವರ್ಷ ಚೀಟಿ ಇಲ್ಲದೆ ನಿಂತು ‘ಹೋದ ಸಲ ಹೇಳಿದ್ದರಲ್ಲಿ ಬಸ್ಸಿನ ವಿಚಾರ ಏನಾಯ್ತು ಸರ್?’ ಎಂದು ಕೇಳುತ್ತಾಳೆ. ಆತ್ಮವಿಶ್ವಾಸದ ಮೇಲೆ ನೂರು ಭಾಷಣ ಕೇಳಿಸಿದರೂ ಈ ದನಿ ಬರುವುದಿಲ್ಲ. ಐನೂರು ರೂಪಾಯಿಯ ಚಿಲಕ ಹಾಕಿಸಿದ ದೊಡ್ಡವರು ಆ ದನಿಯನ್ನು ತಂದುಕೊಡುತ್ತಾರೆ.

ಶುರುಮಾಡುವ ಮುನ್ನ

ಹದಿಹರೆಯದವರನ್ನು ಎದುರಿಗೆ ಕೂರಿಸಿ ‘ಏನು ನಿನ್ನ ಪ್ರಾಬ್ಲಂ, ಹೇಳು’ ಎಂದರೆ ಬರುವ ಉತ್ತರ ‘ಏನಿಲ್ಲ’. ಮುಖ ಮುಖ ನೋಡದೆ ಕೈಗೆ ಏನೋ ಕೆಲಸ ಇರುವಾಗ ಮಾತು ಬರುತ್ತದೆ: ಬೈಕಿನ ಹಿಂದೆ ಕೂತಾಗ, ಅವರೆಕಾಯಿ ಸುಲಿಯುವಾಗ, ಅಡಿಕೆ ಹೆಕ್ಕುವಾಗ. ಬಂದ ಮಾತಿಗೆ ತಕ್ಷಣ ತೀರ್ಪು ಕೊಡದೆ ಇರುವುದು ಕಷ್ಟದ ಕೆಲಸ, ಅದನ್ನು ಅಭ್ಯಾಸ ಮಾಡಿಕೊಳ್ಳಬೇಕು. ‘ನಿನ್ನ ವಯಸ್ಸಿನಲ್ಲಿ ನಾವು…’ ಎಂದು ಶುರುವಾಗುವ ವಾಕ್ಯಗಳನ್ನು ಪೂರ್ತಿ ನುಂಗಿಬಿಡುವುದು ಒಳ್ಳೆಯದು. ‘ಎಷ್ಟು ಬಂತು’ ಎಂಬ ಜಾಗದಲ್ಲಿ ‘ಯಾವ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡೆ, ತೋರಿಸು’ ಎನ್ನಬಹುದು. ಲೆಕ್ಕ ನಿಮಗೂ ಬರದಿದ್ದರೆ ಇನ್ನೂ ಒಳ್ಳೆಯದು. ಬರುವವರ ಹತ್ತಿರ ಇಬ್ಬರೂ ಹೋಗಬಹುದು.

ಎರಡು ಎಚ್ಚರಿಕೆಗಳನ್ನು ಬಿಡುವಂತಿಲ್ಲ. ಮೊದಲನೆಯದು, ಬೇರೆಯವರ ಮಗುವಿನ ಜೊತೆಗಿನ ಒಡನಾಟ ಬೆಳಕಿನಲ್ಲೇ ಇರಬೇಕು, ಮನೆಯವರಿಗೆ ಗೊತ್ತಿರಬೇಕು. ‘ಇದನ್ನು ಅಮ್ಮನಿಗೆ ಹೇಳಬೇಡ’ ಎನ್ನುವ ದೊಡ್ಡವರಿಂದ ಮಗುವನ್ನು ದೂರವಿಡಬೇಕು. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಯಾರೇ ಆಗಲಿ ವರದಿ ಮಾಡಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಎರಡನೆಯದು, ಎಲ್ಲ ಗುಟ್ಟನ್ನೂ ಕಾಪಾಡುತ್ತೇನೆಂದು ಮಾತು ಕೊಡಬಾರದು. ‘ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಾನು ಬೇರೆಯವರ ಸಹಾಯ ಕೇಳುತ್ತೇನೆ’ ಎಂದು ಮೊದಲೇ ಹೇಳಿಬಿಡಬೇಕು. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬಾರದು, ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ. ಜೊತೆ ನಿಲ್ಲುವವರು ವೈದ್ಯರ ಬದಲಿಗೆ ಬಂದವರಲ್ಲ, ವೈದ್ಯರ ಬಳಿಗೆ ಕರೆದುಕೊಂಡು ಹೋಗುವವರು.

ಈಗ ಅನೇಕ ಕಂಪನಿಗಳು, ಸಂಘಗಳು ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಹೋಗಿ ‘ಪ್ರೇರಣೆ’ ಕೊಟ್ಟು, ಬ್ಯಾಗು ಹಂಚಿ, ಫೋಟೊ ತೆಗೆಸಿಕೊಂಡು ಬರುತ್ತವೆ. ಬ್ಯಾಗು ಉಪಯೋಗಕ್ಕೆ ಬರುತ್ತದೆ, ಬೇಡ ಎನ್ನಲಾಗದು. ಆದರೆ ಮಕ್ಕಳ ಜೊತೆಗಾರರಾಗುತ್ತೇವೆ ಎಂದು ಹೆಸರು ಕೊಡುವ ಮುನ್ನ ಮೂರು ತಿಂಗಳಲ್ಲಿ ಮುರಿದ ಆ ಜೋಡಿಗಳನ್ನು ನೆನೆಯಬೇಕು. ಒಂದು ವರ್ಷ ತಪ್ಪದೆ ಬರಲು ಆಗುವುದಿಲ್ಲ ಎಂದಾದರೆ ಬ್ಯಾಗು ಕೊಟ್ಟು ನಮಸ್ಕಾರ ಹೇಳಿ ಬರುವುದೇ ಪ್ರಾಮಾಣಿಕತೆ. ಬರಲು ಆಗುವವರು ಇಪ್ಪತ್ತು ಮಕ್ಕಳನ್ನು ಒಪ್ಪಿಕೊಳ್ಳುವುದೂ ಬೇಡ. ಒಬ್ಬರು ಸಾಕು. ವಾರಕ್ಕೆ ಒಂದು ಗಂಟೆ, ಹೇಳಿದ ದಿನ, ಹೇಳಿದ ಹೊತ್ತಿಗೆ ಬರಬೇಕು. ಬರಲಾಗದ ವಾರ ಮೊದಲೇ ತಿಳಿಸಬೇಕು. ಮಗುವಿಗೆ ಬೇಕಾದ ಭರವಸೆಯ ಬಹುಪಾಲು ಅಷ್ಟರಲ್ಲೇ ಇದೆ.